ತಡವಾದ ಮಾತನ್ನು ಬಿಟ್ಟುಕೊಟ್ಟವರು

ಇಂಟರ್ನೆಟ್‌ನ ಪೂರ್ವಜನಾದ ಆರ್ಪಾನೆಟ್ ಜಾಲದ ತಂತಿಗಳಲ್ಲಿ 1974ರಲ್ಲಿ ಸೆಕೆಂಡಿಗೆ ಹರಿಯುತ್ತಿದ್ದದ್ದು 50,000 ಬಿಟ್. ಟೆಲಿಫೋನಿನ ಮಾತನ್ನು ಅಂಕಿಗಳಾಗಿ ಬದಲಿಸಿದರೆ ಸೆಕೆಂಡಿಗೆ 64,000 ಬಿಟ್ ಬೇಕು. ಒಬ್ಬನ ಮಾತಿಗೂ ಸಾಲದ ಆ ದಾರಿಯಲ್ಲೇ ಇಬ್ಬರನ್ನು ಮಾತಾಡಿಸಲು ಹೊರಟವರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡ್ಯಾನಿ ಕೊಹೆನ್ ಮುಖ್ಯರು.

ಮಾತನ್ನು ಕಿರಿದಾಗಿಸುವ ವಿದ್ಯೆ ಅಷ್ಟರಲ್ಲಿ ಹುಟ್ಟಿತ್ತು. ಜಪಾನಿನಲ್ಲಿ ಇಟಾಕುರಾ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ 1960ರ ದಶಕದಲ್ಲಿ ಬೇರೆಬೇರೆಯಾಗಿಯೇ ಅದರತ್ತ ನಡೆದಿದ್ದರು. ಕಾನ್ಪುರದ ಅಟಲ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲೇ ಧ್ವನಿವಿಜ್ಞಾನದ ಪಾಠ ಹೇಳಿದವರು ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತು?

ಒಮ್ಮೆ 'ಆ' ಎಂದು ಎಳೆದು ನೋಡಿ. ನಾಲಿಗೆ, ತುಟಿ ಕದಲುವುದಿಲ್ಲ. ಗಂಟಲಲ್ಲಿ ಧ್ವನಿತಂತುಗಳು ಒಂದೇ ಸಮನೆ ಕಂಪಿಸುತ್ತವೆ. ಹಾಗಾಗಿ ಈವರೆಗಿನ ಅಲೆ ತಿಳಿದರೆ ಮುಂದಿನ ಚೂರನ್ನು ಹೆಚ್ಚುಕಡಿಮೆ ಊಹಿಸಬಹುದು. ಅಲೆಯನ್ನೇ ಕಳಿಸಬೇಕಿಲ್ಲ. ಬಾಯಿಯ ಆಕಾರ, ಕಂಪನದ ವೇಗ, ಸದ್ದಿನ ಜೋರು ಇವನ್ನು ಹೇಳುವ ಕೆಲವು ಅಂಕಿ ಸಾಕು, ಆಚೆಯ ಯಂತ್ರ ಮಾತನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಹೀಗೆ 64,000 ಬಿಟ್ಟಿನ ಹೊರೆ 3,500ಕ್ಕೆ ಇಳಿಯಿತು.

ನಿಜವಾದ ತೊಡಕು ಜಾಲದ ಪ್ರಾಮಾಣಿಕತೆಯಲ್ಲೇ ಇತ್ತು. ಪ್ಯಾಕೆಟ್ ಎಂಬ ಮಾಹಿತಿಯ ತುಣುಕೊಂದು ಕಳೆದರೆ ಅದನ್ನು ಮತ್ತೆ ತರಿಸಿ, ಸಾಲು ತಪ್ಪದಂತೆ ಒಪ್ಪಿಸುವುದೇ ಅದರ ಧರ್ಮ. ಕಡತಕ್ಕೆ ಅದು ಸರಿ. ಮಾತಿಗಾದರೋ, ಹೊತ್ತು ಮೀರಿ ಬಂದ ತುಣುಕು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದಕ್ಕಾಗಿ ಕಾದರೆ ಹಿಂದಿನದೆಲ್ಲ ನಿಲ್ಲುತ್ತದೆ. ನಡುವೆ ಒಂದು ಚೂರು ಬಿಟ್ಟುಹೋದರೂ ಕಿವಿ ಸಂಭಾಳಿಸಿಕೊಳ್ಳುತ್ತದೆ. ತಡವರಿಕೆಯನ್ನು ಮಾತ್ರ ಸಹಿಸದು. ಕಳೆದದ್ದು ಕಳೆಯಲಿ, ಹೊತ್ತಿಗೆ ಬಂದದ್ದಷ್ಟೇ ಸಾಕು ಎಂದು ಕೊಹೆನ್ ಹಿಡಿದ ಪಟ್ಟು ಈ ಕತೆಯ ಜೀವಾಳ ಎಂದೇ ನಾನು ನಂಬಿದ್ದೇನೆ. ಪೂರ್ಣತೆಯೇ ಗುಣಮಟ್ಟ ಎಂದುಕೊಂಡಿದ್ದ ಎಂಜಿನಿಯರುಗಳ ನಡುವೆ ಹಾಗೆ ಹೇಳಲು ಗಟ್ಟಿ ಗುಂಡಿಗೆ ಬೇಕು.

1974ರ ಆಗಸ್ಟ್‌ನಲ್ಲಿ ಕೊಹೆನ್ ಅವರ ಸಂಸ್ಥೆಗೂ ಮಸಾಚುಸೆಟ್ಸ್‌ನ ಲಿಂಕನ್ ಪ್ರಯೋಗಾಲಯಕ್ಕೂ ನಡುವೆ, ದೇಶದ ಈ ಕರಾವಳಿಯಿಂದ ಆ ಕರಾವಳಿಗೆ, ಮೊದಲ ಮಾತು ನಡೆಯಿತು. ಅದಿನ್ನೂ ಬೇರೆ ವಿಧಾನದಲ್ಲಿ, ಸೆಕೆಂಡಿಗೆ 9,600 ಬಿಟ್‌ನಲ್ಲಿ. 3,500 ಬಿಟ್ಟಿನ ಮಾತು ಡಿಸೆಂಬರ್‌ನಲ್ಲಿ ಹರಿಯಿತು.

ಆ ಪಟ್ಟು ಅಲ್ಲಿಗೇ ನಿಲ್ಲಲಿಲ್ಲ. ಎಲ್ಲವನ್ನೂ ಖಾತರಿಯಾಗಿ ಮುಟ್ಟಿಸುತ್ತಿದ್ದ ಟಿಸಿಪಿ ಎಂಬ ಜಾಲದ ನಿಯಮಾವಳಿಯನ್ನು 1978ರ ಹೊತ್ತಿಗೆ ಎರಡಾಗಿ ಒಡೆದು, ದಾರಿ ತೋರುವ ಕೆಲಸವನ್ನಷ್ಟೇ ಐಪಿಗೆ ವಹಿಸಿದರು. ಖಾತರಿಯ ಗೊಡವೆಯಿಲ್ಲದ ಯುಡಿಪಿ 1980ರಲ್ಲಿ ಬಂತು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಮನೆಯ ಕಂಪ್ಯೂಟರಿಗೇ 'ಇಂಟರ್ನೆಟ್ ಫೋನ್' ತಂದಿತು. ಭಾರತದಲ್ಲಿ ಇಂಟರ್ನೆಟ್ ಮೂಲಕ ಕರೆ ಮಾಡಲು ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ರಂದು.