ಸಣ್ಣ ಅಡುಗೆಮನೆ, ಒಂದು ಚೀಲ ಒಣಕಸ

ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ, ಇಬ್ಬರು ಒಳಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಜಾಗ. ಅಷ್ಟರಲ್ಲೇ ಒಲೆ, ಸಿಂಕು, ಸಿಲಿಂಡರು, ಮಿಕ್ಸಿ, ನೀರಿನ ಕ್ಯಾನು, ಅಕ್ಕಿಬೇಳೆಯ ಡಬ್ಬಗಳೆಲ್ಲ ಹಿಡಿಸಬೇಕು. ಇಂಥ ಮನೆಯವರಿಗೆ ಹಸಿಕಸ ಬೇರೆ, ಒಣಕಸ ಬೇರೆ ಇಡಿ ಎಂದಾಗ, ಇಡುವುದೆಲ್ಲಿ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಹಸಿಕಸ ದಿನಬೆಳಗಾದರೆ ಗಾಡಿಗೆ ಹೋಗುತ್ತದೆ, ಅದಕ್ಕೆ ಒಂದು ಚಿಕ್ಕ ಬುಟ್ಟಿ ಸಾಕು. ಒಣಕಸದ ಗಾಡಿ ಬರುವುದು ವಾರಕ್ಕೆ ಒಂದೆರಡು ಸಲ. ಅಲ್ಲಿಯವರೆಗೆ ಹಾಲಿನ ಪ್ಯಾಕೆಟ್ಟು, ಎಣ್ಣೆ ಕವರು, ರಟ್ಟಿನ ಡಬ್ಬ, ನೀರಿನ ಬಾಟಲು, ಹೋಟೆಲಿನ ಪಾರ್ಸಲ್ ಡಬ್ಬಿ ಎಲ್ಲವೂ ಮನೆಯಲ್ಲೇ ಉಳಿಯಬೇಕು. ಇದಕ್ಕೆ ಪರಿಹಾರವೆಂದು ಅಂಗಡಿಗಳು ಮಾರುವುದು ಬಣ್ಣಬಣ್ಣದ ಬುಟ್ಟಿಗಳನ್ನು. ಎರಡು ಖಾನೆಯದು, ಮೂರು ಖಾನೆಯದು, ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುವಂಥದ್ದು. ಆದರೆ ಸಣ್ಣ ಅಡುಗೆಮನೆಯ ಕಷ್ಟ ಬುಟ್ಟಿಯಿಂದ ತೀರುವಂಥದ್ದಲ್ಲ. ಒಣಕಸ ಹೆಚ್ಚಾಗಿ ಕಾಣುವುದಕ್ಕೆ ಅದರೊಳಗಿನ ಗಾಳಿ ಕಾರಣ, ಅಸಹ್ಯವಾಗುವುದಕ್ಕೆ ಅದಕ್ಕೆ ಅಂಟಿದ ತೇವ ಕಾರಣ. ಇವೆರಡನ್ನೂ ತೆಗೆದುಬಿಟ್ಟರೆ ಉಳಿಯುವ ಕಸಕ್ಕೆ ಒಂದು ಮೊಳೆ, ಒಂದು ಚೀಲ ಸಾಕು.

ಲೆಕ್ಕ ಹಾಕಿ ನೋಡೋಣ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸುಮಾರು 20ರಿಂದ 25 ಗ್ರಾಂ ತೂಗುತ್ತದೆ. ಆ ಪ್ಲಾಸ್ಟಿಕ್ ನೀರಿಗಿಂತ ಸುಮಾರು 1.38 ಪಟ್ಟು ಸಾಂದ್ರ. ಅಂದರೆ ಒಂದು ಲೀಟರಿನಷ್ಟು ಜಾಗ ಹಿಡಿದು ಕೂತಿರುವ ಆ ಬಾಟಲಿಯಲ್ಲಿ ನಿಜವಾದ ಪ್ಲಾಸ್ಟಿಕ್ ಇರುವುದು 20 ಮಿಲಿಲೀಟರಿಗಿಂತ ಕಡಿಮೆ. ನೂರರಲ್ಲಿ 98 ಪಾಲು ಬರೀ ಗಾಳಿ. ಹಾಲಿನ ಪ್ಯಾಕೆಟ್ಟಿನ ಲೆಕ್ಕ ಇನ್ನೂ ಅಚ್ಚರಿಯದು. ಅದರ ಹಾಳೆಯ ದಪ್ಪ ಹೆಚ್ಚುಕಡಿಮೆ 50 ಮೈಕ್ರಾನ್, ಎರಡು ಪದರ ಸೇರಿದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ದಿನಕ್ಕೆ ಎರಡು ಅರ್ಧ ಲೀಟರ್ ಪ್ಯಾಕೆಟ್ಟು ತರುವ ಮನೆಯಲ್ಲಿ ತಿಂಗಳಿಗೆ ಸೇರುವ 60 ಪ್ಯಾಕೆಟ್ಟುಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿದರೆ 6 ಮಿಲಿಮೀಟರ್ ಎತ್ತರ. ಸುಕ್ಕು, ಮಡಿಕೆ ಅಂತ ಮೂರು ಪಟ್ಟು ಹಿಡಿದರೂ ಎರಡು ಸೆಂಟಿಮೀಟರು ದಾಟುವುದಿಲ್ಲ. ಅದೇ 60 ಪ್ಯಾಕೆಟ್ಟುಗಳನ್ನು ಮುದುಡಿ ಎಸೆದರೆ ಒಂದು ಬಕೆಟ್ಟು ತುಂಬುತ್ತದೆ, ಜೊತೆಗೆ ಹುಳಿ ವಾಸನೆ. ರಟ್ಟಿನ ಪೆಟ್ಟಿಗೆಯದೂ ಇದೇ ಕತೆ. ಅಂಟಿನ ಪಟ್ಟಿ ಕಿತ್ತು ಅಗಲವಾಗಿ ಬಿಚ್ಚಿದರೆ ಅದು ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿನಲ್ಲಿ ನಿಲ್ಲುತ್ತದೆ.

ಬಾಟಲಿಯ ವಿಷಯದಲ್ಲಿ ಒಂದು ಸಣ್ಣ ಕೈಚಳಕ ಬೇಕು. ಹಿಂಡಿದ ಬಾಟಲಿ ಗಾಳಿ ಎಳೆದುಕೊಂಡು ಮತ್ತೆ ಉಬ್ಬುತ್ತದೆ. ತಳದಿಂದ ಮೇಲಕ್ಕೆ ಒತ್ತುತ್ತ ಬಂದು, ಗಾಳಿ ಪೂರ್ತಿ ಹೋದ ಮೇಲೆ ಮುಚ್ಚಳ ಬಿಗಿದರೆ ಅದು ಹಾಗೇ ಉಳಿಯುತ್ತದೆ. ಮುಚ್ಚಳ ಬೇರೆ ಪ್ಲಾಸ್ಟಿಕ್ಕಿನದು, ಅದನ್ನು ತೆಗೆದಿಡಬೇಡವೇ ಎಂದು ಕೇಳಬಹುದು. ಬೇರೆ ಪ್ಲಾಸ್ಟಿಕ್ಕಿನದು ಎಂಬುದು ನಿಜ, ಆದರೆ ಅದರ ಚಿಂತೆ ನಮಗೆ ಬೇಡ. ಕಾರ್ಖಾನೆಯಲ್ಲಿ ಬಾಟಲಿಯನ್ನು ಚೂರು ಮಾಡಿ ನೀರಿಗೆ ಹಾಕಿದಾಗ ಮುಚ್ಚಳದ ಚೂರು ತೇಲುತ್ತದೆ, ಬಾಟಲಿಯ ಚೂರು ಮುಳುಗುತ್ತದೆ. ಬಿಡಿ ಮುಚ್ಚಳ ಮಾತ್ರ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯ ತುಣುಕಿಗೂ ಈ ಮಾತು ಸಲ್ಲುತ್ತದೆ. ಕತ್ತರಿಯಲ್ಲಿ ಅದನ್ನು ಪೂರ್ತಿ ಕತ್ತರಿಸಿ ಹಾಕಿದರೆ, ಉಗುರಿನಷ್ಟಿರುವ ಆ ಚೂರು ಹಸಿಕಸಕ್ಕೋ ಮೋರಿಗೋ ಸೇರುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಒಂದು ಅಂಚು ಅಂಟಿಕೊಂಡೇ ಇರುವಂತೆ ಸೀಳಿದರೆ ಹಾಲೂ ಬರುತ್ತದೆ, ಚೂರೂ ಪ್ಯಾಕೆಟ್ಟಿನೊಂದಿಗೇ ಹೋಗುತ್ತದೆ.

ಇನ್ನು ತೇವ. ಕಾಗದಕ್ಕಾಗಲಿ ಪ್ಲಾಸ್ಟಿಕ್ಕಿಗಾಗಲಿ ತಾನಾಗಿ ವಾಸನೆ ಬರುವುದಿಲ್ಲ. ವಾಸನೆ ಬರುವುದು ಪ್ಯಾಕೆಟ್ಟಿನ ಮೂಲೆಯಲ್ಲಿ ಉಳಿದ ಹಾಲಿನ ಹನಿಯಿಂದ, ಡಬ್ಬಿಗೆ ಅಂಟಿದ ಸಾಗುವಿನಿಂದ. ಇರುವೆ, ಜಿರಲೆಗಳು ಹುಡುಕಿ ಬರುವುದೂ ಅದನ್ನೇ. ನಮ್ಮ ಊರುಗಳ ಗೃಹಿಣಿಯರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ತೊಳೆದ ಹಾಲಿನ ಪ್ಯಾಕೆಟ್ಟನ್ನು ಸಿಂಕಿನ ಮೇಲಿನ ಟೈಲ್ಸಿಗೆ ಹಚ್ಚುವುದು ಎಷ್ಟೋ ಮನೆಗಳಲ್ಲಿ ಇಂದಿಗೂ ಇರುವ ರೂಢಿ. ಒದ್ದೆ ಹಾಳೆ ನುಣುಪು ಗೋಡೆಗೆ ಅಂಟಿಕೊಳ್ಳುತ್ತದೆ, ನೀರು ಇಳಿದು ಸಿಂಕಿಗೇ ಬೀಳುತ್ತದೆ, ಒಣಗಿದ ಮೇಲೆ ಹಾಳೆ ತಾನಾಗಿ ಸಡಿಲವಾಗಿ ಕೈಗೆ ಬರುತ್ತದೆ. ಕಟ್ಟೆಯ ಮೇಲೆ ಒಂದಂಗುಲ ಜಾಗವೂ ಖರ್ಚಾಗದ ಈ ಉಪಾಯವನ್ನು ಯಾವ ಕಂಪನಿಯೂ ವಿನ್ಯಾಸ ಮಾಡಿದ್ದಲ್ಲ. ಹೀಗೆ ಕೂಡಿಟ್ಟ ಹಾಲಿನ ಕವರಿನ ಕಟ್ಟನ್ನು ಗುಜರಿ ಅಂಗಡಿಯವರು ತೂಕಕ್ಕೆ ಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಒಣಕಸವನ್ನು ಚೊಕ್ಕಟವಾಗಿ ಇಡುವ ವಿದ್ಯೆಯನ್ನು ನಾವು ಹೊಸದಾಗಿ ಎಲ್ಲಿಂದಲೋ ತರಬೇಕಿಲ್ಲ. ಹಾಲಿನ ಕವರಿಗೆ ಮಾಡುತ್ತಿದ್ದುದನ್ನು ಉಳಿದ ಕಸಕ್ಕೂ ಮಾಡಿದರಾಯಿತು.

ಚೀಲವೇ ಸಾಕು ಎನ್ನುವುದಕ್ಕೆ ಕಾನೂನಿನ ಬಲವೂ ಇದೆ. ಬೆಂಗಳೂರಿನ ಕಸ ಸುತ್ತಲ ಹಳ್ಳಿಗಳ ಬಾಳನ್ನೇ ಕೆಡಿಸಿತ್ತು. ಮಾವಳ್ಳಿಪುರದ ಕಸದ ಗುಂಡಿ 2012ರಲ್ಲಿ ಮುಚ್ಚಿತು. ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತರು, ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಸುರಿಯುವುದು ನಿಂತಿತು. ಇದರ ಬೆನ್ನಿಗೆ, 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಊರಿಗೆಲ್ಲ ಒಂದೇ ಪದ್ಧತಿ ಇರಲಿ ಎಂದು ‘ಎರಡು ಬುಟ್ಟಿ, ಒಂದು ಚೀಲ’ದ ಕ್ರಮವನ್ನು ಜಾರಿಗೆ ತರಿಸಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡುಗಳಂಥ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಮತ್ತೆ ಮತ್ತೆ ಬಳಸುವ ಚೀಲ. ಮುಂದಿನ ವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಬೇರ್ಪಡಿಸುವುದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದವು. ಒಣಕಸಕ್ಕೆ ಬುಟ್ಟಿ ಬೇಡ, ಚೀಲ ಸಾಕು ಎಂಬ ಆಯ್ಕೆಯಲ್ಲಿ ದೊಡ್ಡ ವಿವೇಕವಿದೆ. ಬುಟ್ಟಿ ಖಾಲಿಯಿದ್ದಾಗಲೂ ತುಂಬಿದಾಗಲೂ ಒಂದೇ ಜಾಗ ಹಿಡಿಯುತ್ತದೆ, ಚೀಲ ತುಂಬಿದಷ್ಟೇ ಹಿಡಿಯುತ್ತದೆ. ಮುಚ್ಚಳದ ಬುಟ್ಟಿಯಲ್ಲಿ ತೇವ ಒಳಗೇ ಕೊಳೆಯುತ್ತದೆ, ನೆಯ್ಗೆಯ ಚೀಲ ಉಸಿರಾಡುತ್ತದೆ. 25 ಕಿಲೋ ಅಕ್ಕಿಯ ಖಾಲಿ ಚೀಲ ಬಹಳ ಮನೆಗಳಲ್ಲಿ ಇರುತ್ತದೆ. ಅದರ ಬಾಯಿಯನ್ನು ಒಮ್ಮೆ ಹೊರಮಡಿಸಿ, ಎರಡು ಕಡೆ ದಾರ ಕಟ್ಟಿ ಬಾಗಿಲ ಹಿಂದಿನ ಕೊಕ್ಕೆಗೆ ನೇತುಹಾಕಿದರೆ ನೆಲದ ಜಾಗ ನೆಲಕ್ಕೇ ಉಳಿಯುತ್ತದೆ.

ಎಲ್ಲಿ ನೇತುಹಾಕಬಾರದು ಎನ್ನುವುದೂ ಮುಖ್ಯ. ಸಿಂಕಿನ ಕೆಳಗಿನ ಕತ್ತಲೆ ಎಲ್ಲರಿಗೂ ಮೊದಲು ಹೊಳೆಯುವ ಜಾಗ, ಒಣಕಸಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪೈಪು ಸೋರುತ್ತದೆ, ಗೋಡೆ ಬೆವರುತ್ತದೆ, ಜಿರಲೆಗೆ ಅದೇ ತವರು. ಅದರಲ್ಲೂ ಅಲೆಅಲೆಯಾದ ರಟ್ಟಿನ ಒಳಪದರ ಜಿರಲೆಗೆ ಅಡಗಲು ಹೇಳಿ ಮಾಡಿಸಿದ ಜಾಗ. ಅದಕ್ಕೇ ರಟ್ಟನ್ನು ಅಡುಗೆಮನೆಯಲ್ಲಾಗಲಿ ಅಟ್ಟದ ಮೇಲಾಗಲಿ ತಿಂಗಳುಗಟ್ಟಲೆ ಪೇರಿಸಬಾರದು, ಮೊದಲು ಮನೆಯಿಂದ ಹೊರಡಬೇಕಾದದ್ದು ಅದೇ. ಒಲೆಯ ಪಕ್ಕ, ಸಿಲಿಂಡರಿನ ಬಳಿ ಕಾಗದ, ಪ್ಲಾಸ್ಟಿಕ್ಕಿನ ಚೀಲ ತೂಗುಹಾಕುವುದು ಅಪಾಯ ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಕೆಲವರು ಅತಿ ಶ್ರದ್ಧೆಯಿಂದ ಇನ್ನೊಂದು ತುದಿಗೆ ಹೋಗುತ್ತಾರೆ. ಕಾಗದಕ್ಕೊಂದು, ಬಾಟಲಿಗೊಂದು, ಕವರಿಗೊಂದು, ತಗಡಿಗೊಂದು ಎಂದು ಐದಾರು ಡಬ್ಬ ಇಟ್ಟು, ಎರಡು ವಾರದಲ್ಲಿ ಬೇಸತ್ತು ಎಲ್ಲವನ್ನೂ ಕೈಬಿಡುತ್ತಾರೆ. ಆ ವಿಂಗಡಣೆ ನಮ್ಮ ಕೆಲಸವೇ ಅಲ್ಲ. ಬೆಂಗಳೂರಿನ ವಾರ್ಡುಗಳಲ್ಲಿರುವ ಒಣಕಸ ಸಂಗ್ರಹ ಕೇಂದ್ರಗಳಲ್ಲಿ, ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಈಗ ಆ ಕೆಲಸ ಮಾಡುತ್ತಾರೆ. ‘ಹಸಿರು ದಳ’ದಂಥ ಸಂಘಟನೆಗಳ ಬೆಂಬಲದಿಂದ ಅವರಲ್ಲಿ ಹಲವರು ಕೇಂದ್ರಗಳನ್ನೇ ನಡೆಸುತ್ತಿದ್ದಾರೆ. ಮುಟ್ಟಿದರೆ, ಹಿಂಡಿದರೆ ಸಾಕು, ಇದು ಯಾವ ಜಾತಿಯ ಪ್ಲಾಸ್ಟಿಕ್ಕು, ಯಾವ ರಾಶಿಗೆ ಹೋಗಬೇಕು ಎಂದು ಅವರಿಗೆ ತಿಳಿಯುತ್ತದೆ. ನಾವು ಕೊಡಬೇಕಾದದ್ದು ಒಣಗಿದ, ಬಿಡಿಬಿಡಿಯಾದ ಕಸ. ಬಿಡಿಬಿಡಿ ಎಂಬುದನ್ನು ಒತ್ತಿ ಹೇಳಬೇಕು. ಜಾಗ ಉಳಿಸಲೆಂದು ಚಿಪ್ಸ್ ಪ್ಯಾಕೆಟ್ಟುಗಳನ್ನು ಬಾಟಲಿಯೊಳಗೆ ತುರುಕಿದರೆ, ಮರುಬಳಕೆಗೆ ಬೆಲೆಯಿರುವ ಬಾಟಲಿಯೂ ಬೆಲೆಯಿಲ್ಲದ ಕಸವಾಗುತ್ತದೆ. ಚಪ್ಪಟೆ ಮಾಡುವುದು ಸರಿ, ಒಂದರೊಳಗೊಂದು ತುಂಬುವುದು ತಪ್ಪು. ಚೀಲದಿಂದ ಹೊರಗೆ ಇಡಬೇಕಾದವು ಗಾಜು, ಬ್ಯಾಟರಿ, ಬಲ್ಬುಗಳಂಥವು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಗಾಜು ಎಂದು ಬಾಯಿಬಿಟ್ಟು ಹೇಳಿ ಪೌರಕಾರ್ಮಿಕರ ಕೈಗೆ ಕೊಡಬೇಕು.

ಇಷ್ಟಕ್ಕೆಲ್ಲ ಬರುವ ಮೊದಲ ಆಕ್ಷೇಪ ನೀರಿನದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದ ಊರಿನಲ್ಲಿ ಕಸ ತೊಳೆಯಿರಿ ಎನ್ನುವುದು ತಪ್ಪಲ್ಲವೇ? ನಲ್ಲಿ ಬಿಟ್ಟು ತೊಳೆದರೆ ತಪ್ಪೇ. ಆದರೆ ಒಣಕಸಕ್ಕೆ ಹೊಸ ನೀರು ಬೇಕಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಎರಡು ಚಮಚ ನೀರು ಹಾಕಿ ಕುಲುಕಿ, ಆ ನೀರನ್ನು ಹಾಲಿನ ಪಾತ್ರೆಗೇ ಸುರಿಯುವುದು ಮನೆಮನೆಯ ಪದ್ಧತಿ. ಪಾರ್ಸಲ್ ಡಬ್ಬಿಯ ಎಣ್ಣೆಯನ್ನು ಹಳೇ ಕಾಗದದ ಚೂರಿನಲ್ಲಿ ಒರೆಸಿ, ಅಕ್ಕಿ ತೊಳೆದ ನೀರಲ್ಲೋ ಪಾತ್ರೆ ಜಾಲಿಸಿದ ಕೊನೆಯ ನೀರಲ್ಲೋ ಅದ್ದಿದರೆ ಸಾಕು. ಅದು ಊಟದ ತಟ್ಟೆಯಷ್ಟು ಫಳಫಳಿಸಬೇಕಿಲ್ಲ, ವಾಸನೆ ಬರದಷ್ಟು ಚೊಕ್ಕವಾದರಾಯಿತು. ಎಣ್ಣೆ ಕವರನ್ನಂತೂ ತೊಳೆಯುವುದೇ ಬೇಡ, ರಾತ್ರಿಯಿಡೀ ಡಬ್ಬದ ಮೇಲೆ ಬೋರಲು ಹಾಕಿದರೆ ಒಂದು ಒಗ್ಗರಣೆಗಾಗುವಷ್ಟು ಎಣ್ಣೆಯೂ ದಕ್ಕುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ನಾವು ಎಷ್ಟು ಬೇರ್ಪಡಿಸಿದರೂ ಗಾಡಿಯಲ್ಲಿ ಎಲ್ಲ ಒಂದಾಗುತ್ತದಲ್ಲ ಎಂಬ ಬೇಸರದ ಮಾತು. ಹಾಗಾಗುವುದು ಉಂಟು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಬೆರೆತ ರಾಶಿಯಿಂದಲೂ ಒಣಗಿದ, ಚೀಲದಲ್ಲಿ ಒಟ್ಟಾಗಿರುವ ಕಸವನ್ನು ಎತ್ತಿ ಉಳಿಸಿಕೊಳ್ಳಬಹುದು. ಸಾರು ಮೆತ್ತಿದ ಕಾಗದವನ್ನು ಮಾತ್ರ ಯಾರೂ ಉಳಿಸಲಾರರು. ಎಣ್ಣೆ ಹೀರಿದ ನಾರಿನಿಂದ ಮತ್ತೆ ಕಾಗದ ಮಾಡಲು ಬರುವುದಿಲ್ಲ. ಕಸ ಚೊಕ್ಕವಾಗಿದ್ದರೆ ಮನೆಯವರಿಗೆ ಬೇರೆ ದಾರಿಗಳೂ ತೆರೆಯುತ್ತವೆ. ಗಾಡಿಯ ಮೇಲೆ ನಂಬಿಕೆಯಿಲ್ಲದವರು ತಿಂಗಳಿಗೊಮ್ಮೆ ಗುಜರಿ ಅಂಗಡಿಗೋ ವಾರ್ಡಿನ ಒಣಕಸ ಕೇಂದ್ರಕ್ಕೋ ತಾವೇ ಒಯ್ಯಬಹುದು. ನಾರುವ ಚೀಲವನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಯಾರೂ ಹೋಗುವುದಿಲ್ಲ.

ಚಿಪ್ಸು, ಬಿಸ್ಕತ್ತಿನ ಪ್ಯಾಕೆಟ್ಟುಗಳು ಹೇಗೂ ಮರುಬಳಕೆಯಾಗುವುದಿಲ್ಲವಲ್ಲ, ಅವನ್ನೇಕೆ ಕೂಡಿಡಬೇಕು ಎಂಬ ಪ್ರಶ್ನೆಯೂ ಇದೆ. ಬೇರೆ ಬೇರೆ ಪದರಗಳನ್ನು ಒಟ್ಟಿಗೆ ಬೆಸೆದ ಆ ಹಾಳೆಯನ್ನು ಬಿಡಿಸುವುದು ಕಷ್ಟ, ನಿಜ. ಅದರಲ್ಲಿ ಸ್ವಲ್ಪ ಭಾಗ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗುತ್ತದೆ, ಅಲ್ಲಿಗೂ ಬೇಕಾದದ್ದು ಒಣಗಿದ್ದೇ. ಇದನ್ನು ಒಳ್ಳೆಯ ಅಂತ್ಯ ಎನ್ನಲಾಗದು, ಇಂಥ ಪೊಟ್ಟಣ ಮಾಡುವವರೇ ಇದಕ್ಕೆ ಹೊಣೆ ಹೊರಬೇಕು. ಮನೆಯ ಮಟ್ಟದಲ್ಲಿ ಒಂದು ಪ್ರಯೋಜನವಂತೂ ಇದೆ. ಬೇರೆಲ್ಲ ಚಪ್ಪಟೆಯಾದ ಮೇಲೂ ಮಡಿಸಿದಲ್ಲಿ ನಿಲ್ಲದೆ ಚೀಲ ಉಬ್ಬಿಸುವುದು ಈ ಪೊಟ್ಟಣಗಳೇ. ಏನನ್ನು ಕಡಿಮೆ ಕೊಳ್ಳಬೇಕು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಆದರೆ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯದು, ಅದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ತೊಳೆದು, ಒಣಗಿಸಿ, ಮಡಿಸುವ ಈ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ? ಮನೆಯ ಹೆಂಗಸಿನ ಮೇಲೆ, ಇಲ್ಲವೇ ಮನೆಗೆಲಸಕ್ಕೆ ಬರುವ ಹೆಂಗಸಿನ ಮೇಲೆ. ಈಗಾಗಲೇ ಹೊತ್ತ ಹೊರೆಯ ಮೇಲೆ ಇನ್ನೊಂದು ಹೊರೆ. ಇದಕ್ಕೆ ಉತ್ತರ ಕೆಲಸವನ್ನು ಬಿಡುವುದಲ್ಲ. ಮನೆಯಲ್ಲಿ ಮಾಡದೆ ಬಿಟ್ಟ ಕೆಲಸ ಮಾಯವಾಗುವುದಿಲ್ಲ. ವಿಂಗಡಣೆಯ ಮೇಜಿನ ಮುಂದೆ ನಿಂತ ಇನ್ನೊಬ್ಬ ಹೆಂಗಸು, ಮೂರು ದಿನ ಹಳತಾದ ಮೊಸರಿನ ಡಬ್ಬಿಯನ್ನು ಕೈಯಲ್ಲಿ ತೆರೆಯುತ್ತಾಳೆ. ಹಾಗಾಗಿ ಕೆಲಸ ಮನೆಯೊಳಗೇ ಹಂಚಿಕೆಯಾಗಬೇಕು. ಪ್ಯಾಕೆಟ್ಟು ಖಾಲಿ ಮಾಡಿದವರೇ ಅದನ್ನು ಜಾಲಿಸಿ ಟೈಲ್ಸಿಗೆ ಹಚ್ಚುವುದು, ಪಾರ್ಸಲ್ ತರಿಸಿದವರೇ ಡಬ್ಬಿ ಒರೆಸುವುದು, ನೀರು ಕುಡಿದವರೇ ಬಾಟಲಿ ಹಿಂಡುವುದು ಎಂದಾದರೆ ಒಬ್ಬೊಬ್ಬರಿಗೆ ಬರುವುದು ಅರ್ಧ ನಿಮಿಷದ ಕೆಲಸ. ವಾರದ ರಾಶಿಯನ್ನು ಒಬ್ಬರೇ ಕೂತು ಮಾಡುವಾಗ ಮಾತ್ರ ಅದು ಶಿಕ್ಷೆಯಾಗುತ್ತದೆ.

ಮಳೆಗಾಲದಲ್ಲಿ ಈ ಕ್ರಮಕ್ಕೆ ತುಸು ಬದಲಾವಣೆ ಬೇಕು, ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಂತೂ ಬೇಕೇ ಬೇಕು. ಆಷಾಢದಲ್ಲಿ ಬಟ್ಟೆಯೇ ಒಣಗದ ಕಡೆ ಡಬ್ಬಿ ತಾನಾಗಿ ಒಣಗಲೆಂದು ಕಾಯುವುದು ಆಗದ ಮಾತು. ಆಗ ಕವರು, ಡಬ್ಬಿಗಳನ್ನು ಹಳೇ ಬಟ್ಟೆಯಲ್ಲಿ ಒರೆಸಿಯೇ ಚೀಲಕ್ಕೆ ಹಾಕಬೇಕು. ಕಾಗದ ಮತ್ತು ರಟ್ಟನ್ನು ಆ ಚೀಲಕ್ಕೆ ಸೇರಿಸದೆ, ಹೊರಗೋಡೆಗೆ ತಾಗದಂತೆ ಒಳಕೋಣೆಯಲ್ಲಿ ಬೇರೆ ಕಟ್ಟಿಡಬೇಕು. ಚೀಲ ತುಂಬಲಿ ಎಂದು ಕಾಯದೆ, ಅರ್ಧವಾದರೂ ಸರಿ, ಗಾಡಿ ಬಂದ ದಿನವೇ ಕೊಟ್ಟುಬಿಡಬೇಕು. ಕೊಡುವಾಗ ಚೀಲದ ಬಾಯಿ ಕಟ್ಟಿರಲಿ, ತೆರೆದ ಗಾಡಿಯಲ್ಲಿ ಮಳೆಗೆ ನೆನೆದರೆ ಅಷ್ಟು ದಿನ ಒಣಗಿಸಿಟ್ಟ ಕಸ ಸಂಗ್ರಹ ಕೇಂದ್ರ ಮುಟ್ಟುವ ಮೊದಲೇ ಒದ್ದೆಯಾಗಿರುತ್ತದೆ.