ಟಪ್ಪಿಲ್ಲದ ಗಾಡಿಯ ಮೋಹ

ಸೇನೆಯಲ್ಲಿ ಸೇವೆ ಮುಗಿಸಿ ಬಂದ ಯೋಧನನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳು ಬರಮಾಡಿಕೊಳ್ಳುವ ಸಂಭ್ರಮವನ್ನು ನೋಡಿಯೇ ತಿಳಿಯಬೇಕು. ಹಲಗೆಯ ಸದ್ದು, ಹೂಮಾಲೆ, ಆರತಿ ಎಲ್ಲದರ ಜೊತೆ ಒಂದು ತೆರೆದ ಜೀಪು ಬೇಕೇ ಬೇಕು. ಊರು ನಿಡಸೋಸಿಯಾಗಲಿ, ಹುಕ್ಕೇರಿಯಾಗಲಿ, ಗೋಕಾಕವಾಗಲಿ, ಮರುದಿನದ ಪತ್ರಿಕೆಯಲ್ಲಿ ‘ತೆರೆದ ವಾಹನದಲ್ಲಿ ಮೆರವಣಿಗೆ’ ಎಂಬ ಸಾಲು ತಪ್ಪುವುದಿಲ್ಲ. ನಾಲ್ವತ್ತು ಲಕ್ಷದ ಎ.ಸಿ. ಕಾರು ಮನೆಮುಂದೆ ನಿಂತಿದ್ದರೂ ಅದು ಮೆರವಣಿಗೆಗೆ ಬಾರದು. ಕೂತವನು ಊರಿಗೆ ಕಾಣಬೇಕು, ಊರು ಅವನಿಗೆ ಕಾಣಬೇಕು. ಅಮೆರಿಕದ, ಟಪ್ ಮಡಚಬಹುದಾದ ಕನ್ವರ್ಟಿಬಲ್ ಕಾರುಗಳ ಮೇಲಿನ ಮೋಹ ಇಷ್ಟು ವರ್ಷವಾದರೂ ಆರದಿರುವುದಕ್ಕೂ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಆ ಕಾರುಗಳ ಪೈಕಿ ಎಲ್ಲರ ಬಾಯಲ್ಲೂ ಉಳಿದ ಹೆಸರು ಫೋರ್ಡ್ ಮಸ್ಟಾಂಗ್. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದನ್ನು ಜನರ ಮುಂದಿಟ್ಟರು. ಆರಂಭದ ಬೆಲೆ 2,368 ಡಾಲರ್. ಮೊದಲ ದಿನವೇ 22,000 ಜನ ಬುಕ್ ಮಾಡಿದರು, ವರ್ಷ ತುಂಬುವಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾದವು. ಸಾಮಾನ್ಯ ಸಂಸಾರಸ್ಥರು ಓಡಿಸುತ್ತಿದ್ದ ಫಾಲ್ಕನ್ ಎಂಬ ಅಗ್ಗದ ಕಾರಿನ ಒಡಲಿನ ಮೇಲೇ ಉದ್ದ ಬಾನೆಟ್, ಗಿಡ್ಡ ಡಿಕ್ಕಿಯ ಹೊಸ ರೂಪ ಕೂಡಿಸಿದ್ದರು. ಅಲ್ಲಿಯವರೆಗೆ ಸಿನಿಮಾ ನಟರಿಗೆ, ಸಿರಿವಂತರಿಗೆ ಮೀಸಲಾಗಿದ್ದ ಠೀವಿ ಸಂಬಳದಾರರ ಕೈಗೂ ಎಟುಕಿತು.

ಷಿಕಾಗೊದ ಗೇಲ್ ವೈಸ್ ಅಂಥ ಸಂಬಳದಾರಳು, 22 ವರ್ಷದ ಶಾಲಾ ಶಿಕ್ಷಕಿ. ಬಿಡುಗಡೆಗೆ ಎರಡು ದಿನ ಮುಂಚೆ, ಏಪ್ರಿಲ್ 15ರಂದು, ತನಗೆ ಟಪ್ ಮಡಚುವ ಕಾರೇ ಬೇಕೆಂದು ಶೋರೂಮಿಗೆ ಹೋದಳು. ಹೊರಗೆ ಅಂಥದ್ದೊಂದೂ ಇರಲಿಲ್ಲ. ಅಂಗಡಿಯವನು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದು, ಮುಚ್ಚಿಟ್ಟಿದ್ದ ತಿಳಿನೀಲಿ ಮಸ್ಟಾಂಗನ್ನು ತೋರಿಸಿದ. ಓಡಿಸಿ ನೋಡುವ ಗೊಡವೆಗೂ ಹೋಗದೆ ಅವಳು ಅದನ್ನು ಕೊಂಡುಬಿಟ್ಟಳು. ಅಮೆರಿಕದಲ್ಲಿ ಮಾರಾಟವಾದ ಮೊದಲ ಮಸ್ಟಾಂಗ್ ಎಂದು ಇಂದು ಗುರುತಿಸುವುದು ಅದನ್ನೇ. ಮದುವೆ, ಮಕ್ಕಳು ಎಲ್ಲ ಆದಮೇಲೆ ಕಾರು ಕೆಟ್ಟು ಗ್ಯಾರೇಜು ಸೇರಿತು. ಅಲ್ಲಿ ಇಪ್ಪತ್ತೇಳು ವರ್ಷ ಬಿದ್ದಿದ್ದರೂ ಅವರು ಗುಜರಿಗೆ ಹಾಕಲಿಲ್ಲ. ನಿವೃತ್ತನಾದ ಗಂಡ ಅದನ್ನು ಪೂರ್ತಿ ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿದ. ಕಾರಿಗಾಗಿ ಇಷ್ಟು ವರ್ಷ ಜಾಗ ಕಾಯ್ದಿಟ್ಟ ಆ ಗಂಡ ಹೆಂಡತಿಯ ಮೇಲೆ ನನಗೆ ಬಹಳ ಗೌರವ.

ಈ ಟಪ್ಪಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮುಂದಿನ ಗಾಜಿನ ಮೇಲ್ಪಟ್ಟಿಯಲ್ಲಿ ಎರಡು ಚಿಲಕ. ಅವನ್ನು ಬಿಚ್ಚಿ ಹಿಂದಕ್ಕೆ ತಳ್ಳಿದರೆ ಕಬ್ಬಿಣದ ಕಮಾನುಗಳು ಒಂದರ ಮೇಲೊಂದು ಮಡಚಿಕೊಂಡು ಹಿಂಸೀಟಿನ ಬೆನ್ನಿಗೆ ಕೂರುತ್ತವೆ. ಮೇಲೊಂದು ಹೊದಿಕೆ ಎಳೆದು ಟಿಚ್ ಗುಂಡಿ ಒತ್ತಿದರೆ ಮುಗಿಯಿತು. ಛಾವಣಿಯೇ ಇಲ್ಲದ ಮೇಲೆ ಕಾರು ಹಗುರಾಗಬೇಕಲ್ಲವೇ? ಹಾಗಾಗುವುದಿಲ್ಲ. ಕನ್ವರ್ಟಿಬಲ್ ಮಸ್ಟಾಂಗ್ ಮುಚ್ಚಿದ ಮಸ್ಟಾಂಗಿಗಿಂತ ಸುಮಾರು 80 ಕೆ.ಜಿ. ಭಾರ. ಬೇರೆ ಚಾಸಿ ಇಲ್ಲದ ಕಾರಿನಲ್ಲಿ ಛಾವಣಿ ಬರೀ ನೆರಳಿಗಾಗಿ ಇರುವುದಿಲ್ಲ, ಗಾಡಿಯ ಮುಂಭಾಗ ಹಿಂಭಾಗವನ್ನು ಬಿಗಿಯಾಗಿ ಹಿಡಿದಿಡುವ ಬೆಸುಗೆಯೂ ಅದೇ. ಅದನ್ನು ತೆಗೆದರೆ ಗುಂಡಿಗೆ ಇಳಿದಾಗ ಕಾರು ನಡುವೆ ಬಾಗುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ನೆಲಕ್ಕೆ, ಬಾಗಿಲಿನ ಕೆಳಗಿನ ಪಟ್ಟಿಗೆ ಹೆಚ್ಚಿನ ಉಕ್ಕು ಕೂಡಿಸಿದ್ದರು.

ಎಪ್ಪತ್ತರ ದಶಕದಲ್ಲಿ ಈ ಕಾರುಗಳ ಕಾಲ ಮುಗಿಯಿತೆಂದೇ ಎಲ್ಲರೂ ತಿಳಿದರು. ಕಾರಿಗೆ ಎ.ಸಿ. ಬಂದಿತ್ತು, ಪಲ್ಟಿಯಾದರೆ ಗತಿಯೇನೆಂದು ಸರ್ಕಾರ ಕಾನೂನು ತರುವ ಸುದ್ದಿಯಿತ್ತು. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಸಾರಿಯೇ ಮಾರಿದರು. ಆರೇ ವರ್ಷದಲ್ಲಿ ಕ್ರೈಸ್ಲರ್ ಕಂಪನಿ ಕನ್ವರ್ಟಿಬಲ್ ಕಾರನ್ನು ಮತ್ತೆ ತಂದಿತು, 1983ಕ್ಕೆ ಮಸ್ಟಾಂಗಿನ ಟಪ್ಪೂ ಮತ್ತೆ ಬಿಚ್ಚಿಕೊಂಡಿತು.

ನಮ್ಮ ಕಡೆ ಇಂಥ ಕಾರು ಬರಲಿಲ್ಲವೆಂದೇ ಹೇಳಬೇಕು.

ಹಳ್ಳಿಗೆ ಬಂದ ಅಮೆರಿಕದ ತೆರೆದ ಗಾಡಿ ಜೀಪು. ಯುದ್ಧಕ್ಕೆಂದು ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಮುಂಬೈಯಲ್ಲಿ ಜೋಡಿಸತೊಡಗಿತು. ತಾಡಪತ್ರಿಯಂಥ ದಪ್ಪ ಬಟ್ಟೆಯ ಟಪ್, ಮುಂದಕ್ಕೆ ಮಡಚಿ ಬಾನೆಟ್ ಮೇಲೆ ಮಲಗಿಸಬಹುದಾದ ಗಾಜು. ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಹೊಲದ ದಾರಿಗಿಳಿದರೂ ಅದಕ್ಕೆ ತೊಡಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ಕಡೆಯಿಂದ ನಿಡಸೋಸಿಗೆ ಸಂಜೆ ಹೊತ್ತು ಟಪ್ ಬಿಚ್ಚಿದ ಜೀಪಿನಲ್ಲಿ ಬಂದವರನ್ನು ಕೇಳಿ. ಕಬ್ಬು ಹೇರಿದ ಟ್ರ್ಯಾಕ್ಟರಿನ ಧೂಳು, ಬೆಲ್ಲದ ಗಾಣದ ವಾಸನೆ, ನೀರು ಬಿಟ್ಟ ಹೊಲದ ತಂಪು ಎಲ್ಲ ಮುಖಕ್ಕೇ ತಾಗುತ್ತವೆ. ಗಾಜು ಏರಿಸಿದ ಕಾರಿನಲ್ಲಿ ಇವು ಯಾವುವೂ ಸಿಗುವುದಿಲ್ಲ. ಮಹೀಂದ್ರದವರು 2020ರ ಹೊಸ ಥಾರ್ ಗಾಡಿಯಲ್ಲೂ ಬಟ್ಟೆಯ ಟಪ್ ಬಿಚ್ಚುವ ಮಾದರಿಯನ್ನು ಇಟ್ಟರೆಂದರೆ ಆಸೆ ಎಷ್ಟು ಗಟ್ಟಿಯೆಂದು ತಿಳಿಯುತ್ತದೆ.

ಈ ಆಸೆಯೇ ಈಗ ಅಪಾಯದ ದಾರಿಯನ್ನೂ ಹಿಡಿದಿದೆ. ಮದುವೆ ಮೆರವಣಿಗೆಗೆಂದು ಹಳೆಯ ಕಾರಿನ ಛಾವಣಿಯನ್ನು ಕತ್ತರಿಸಿ, ಬಣ್ಣ ಬಳಿದು, ಬಾಡಿಗೆಗೆ ಬಿಡುವವರಿದ್ದಾರೆ. ಆ ಕಾರಿನ ನೆಲಕ್ಕೆ ಯಾರೂ ಹೆಚ್ಚಿನ ಉಕ್ಕು ಕೂಡಿಸಿರುವುದಿಲ್ಲ. ಡಿಕ್ಕಿಯಾದರೆ ಅದು ಮಡಚಿಕೊಳ್ಳುತ್ತದೆ, ಒಳಗೆ ಮದುಮಕ್ಕಳು ಕೂತಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ನಿಜವಾದ ಹಳೆಯ ಗಾಡಿ ಉಳಿಸಿಕೊಂಡವರಿಗೆ ಬೇರೆ ದಾರಿಯಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ‘ವಿಎ’ ಅಕ್ಷರದ ನಂಬರಿನಡಿ ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮ ಅವಕಾಶ ಕೊಟ್ಟಿದೆ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು, ಬಾಡಿಗೆಗೆ ಓಡಿಸುವಂತಿಲ್ಲ.

ನಿಡಸೋಸಿಯಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ತುಕ್ಕು ಹಿಡಿದು ನಿಂತ ಹಳೆಯ ಜೀಪೊಂದು ಕಂಡರೆ ಅದನ್ನು ಗುಜರಿಗೆ ಹೋಗಲು ಬಿಡಬೇಡಿ, ಬಿಚ್ಚಿ ನೋಡಿ, ಓಡುವಂತೆ ಮಾಡಿ. ಮನೆಯಲ್ಲಿ ಮದುವೆ ಇಟ್ಟುಕೊಂಡವರು ಛಾವಣಿ ಕತ್ತರಿಸಿದ ಕಾರನ್ನು ಬಾಡಿಗೆಗೆ ತರಬೇಡಿ. ಮೆರವಣಿಗೆಗೆ ಜೀಪೇ ಸಾಕು.