ಹಳೆ ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕುವ ಮುನ್ನ

‘ಪೆಟ್ಟಿಗೇಲಿ ಕೆಂಪು ದೀಪ ಹತ್ತೈತೆ ಕಣೋ. ಏನ್ ಮಾಡ್ಲಿ?’

ಕಳೆದ ಬೇಸಿಗೆಯ ಒಂದು ಶುಕ್ರವಾರ ವಿಜಯವಾಡದಿಂದ ಸೋದರಮಾವನ ಫೋನು. ನಾನು ವಿಶಾಖಪಟ್ಟಣದ ಮಧುರವಾಡದ ಆಫೀಸಿನಲ್ಲಿದ್ದೆ. ‘ಏನೂ ಮುಟ್ಬೇಡಿ ಮಾವ, ನಾಳೆ ನಾನೇ ಬರ್ತೀನಿ’ ಎಂದೆ.

ನಾವು ಪಾವಗಡದ ಕಡೆಯವರು. ಹೆಚ್ಚೂಕಮ್ಮಿ ಸುತ್ತಲೂ ಆಂಧ್ರವೇ ಇರುವ ತಾಲ್ಲೂಕು ಅದು, ಹಾಗಾಗಿ ನಮಗೆ ತೆಲುಗು ಹೊಸತಲ್ಲ. ಮಾವ 25 ವರ್ಷಗಳ ಹಿಂದೆ ವಿಜಯವಾಡಕ್ಕೆ ಹೋಗಿ ಫೋಟೊ ಸ್ಟುಡಿಯೊ ಇಟ್ಟರು. 2009ರಲ್ಲಿ ಅವರು ಕೊಂಡದ್ದು ಈ ರೈಡ್ ಪೆಟ್ಟಿಗೆ. ಕಂಪ್ಯೂಟರಿನ ಹೊರಗೆ ಕೂರುವ, 1 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಹಿಡಿಸುವ ಡಬ್ಬಿ. ಗಿರಾಕಿಗಳ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಅದರೊಳಗೆ. ಜೊತೆಗೆ, ಅದೇ ವರ್ಷ ಮಾವನ ಮಗಳ ಮದುವೆಯಲ್ಲಿ ನಮ್ಮಜ್ಜಿ ಹಾಡಿದ ಐದು ಸೋಬಾನೆ ಪದಗಳು. ಅಜ್ಜಿ ಈಗಿಲ್ಲ. ಆ ಹಾಡುಗಳು ಬೇರೆಲ್ಲೂ ಇರಲಿಲ್ಲ.

2024ರ ಸೆಪ್ಟೆಂಬರ್ 1ರಂದು ಬುಡಮೇರು ಉಕ್ಕಿ ಸಿಂಗ್ ನಗರಕ್ಕೆ ನೀರು ನುಗ್ಗಿತಲ್ಲ, ಮಾವನ ಮನೆಯ ನೆಲಮಹಡಿಯೂ ಮುಳುಗಿತ್ತು. ಅವತ್ತು ಅವರು ಟಿವಿ, ಫ್ರಿಜ್ ಎಲ್ಲ ಬಿಟ್ಟು ಈ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ಮೇಲಿನ ಮಹಡಿಗೆ ಹೋಗಿದ್ದರು.

ಶನಿವಾರ ಮಧ್ಯಾಹ್ನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದೆ. 350 ಕಿಲೋಮೀಟರು, ಇಳಿಯುವಾಗ ಸಂಜೆ. ಬ್ಯಾಗಿನಲ್ಲಿ 4 ಟಿಬಿಯ ಎರಡು ಹೊಸ ಡಿಸ್ಕ್, ಅವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಡಾಕ್. ತಲೆಯಲ್ಲಿ ಎಂ.ಟೆಕ್ ಓದಿದವನ ಧೈರ್ಯ. ಕೆಟ್ಟ ಡಿಸ್ಕ್ ತೆಗೆದು ದೊಡ್ಡದೊಂದು ಹಾಕುವುದು, ಉಳಿದವನ್ನೂ ಒಂದೊಂದಾಗಿ ಬದಲಿಸುವುದು. ಪೆಟ್ಟಿಗೆ ಹೊಸದಾಗಿಬಿಡುತ್ತದೆ ಎಂದು ಲೆಕ್ಕ ಹಾಕಿದ್ದೆ.

ರೈಡ್ ಎಂದರೆ ಹಲವು ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ಒಂದು ಭರವಸೆಯ ಡಿಸ್ಕ್‌ನಂತೆ ದುಡಿಸುವ ಉಪಾಯ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಆ ಹೆಸರು ಬಳಕೆಗೆ ಬಂತು. ಮಾವನದು ರೈಡ್ 5. ಮೂರು ಅಂಕಿ ಬರೆದು, ಪಕ್ಕದಲ್ಲಿ ಅವುಗಳ ಮೊತ್ತವನ್ನೂ ಬರೆದಿಟ್ಟಂತೆ. ಯಾವುದಾದರೂ ಒಂದು ಅಳಿಸಿಹೋದರೆ ಕೂಡಿ ಕಳೆದು ಕಂಡುಹಿಡಿಯಬಹುದು. ಎರಡು ಅಳಿಸಿದರೆ ಆಗುವುದಿಲ್ಲ.

ಕೆಟ್ಟ ಡಿಸ್ಕ್ ತೆಗೆದೆ, ಹೊಸದನ್ನು ತಳ್ಳಿದೆ. 4 ಟಿಬಿಯ ಡಿಸ್ಕನ್ನು ಪೆಟ್ಟಿಗೆ 1801 ಜಿಬಿ ಎಂದು ತೋರಿಸಿತು!

ಕಾರಣ ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಹಳೆಯ ನಿಯಂತ್ರಕಗಳು ಡಿಸ್ಕನ್ನು 512 ಬೈಟ್‌ಗಳ ತುಂಡುಗಳಾಗಿ ಎಣಿಸುತ್ತವೆ, ಆ ಎಣಿಕೆಗೆ ಅವುಗಳ ಬಳಿ ಇರುವುದು 32 ಬಿಟ್ ಮಾತ್ರ. ಗುಣಿಸಿದರೆ ಸುಮಾರು 2.2 ಟಿಬಿಗೆ ಎಣಿಕೆ ಮುಗಿಯುತ್ತದೆ. ಆಮೇಲೆ ಹಳೆ ಸ್ಕೂಟರಿನ ಮೀಟರಿನಂತೆ ತಿರುಗಿ ಸೊನ್ನೆಯಿಂದ ಶುರು. ನಾಲ್ಕರಲ್ಲಿ 2.2 ಕಳೆದರೆ ಉಳಿಯುವುದು 1.8.

ಸದ್ಯಕ್ಕೆ ಬೇಕಿರುವುದು 1 ಟಿಬಿ ತಾನೇ ಎಂದುಕೊಂಡು ರೀಬಿಲ್ಡ್ ಒತ್ತಲು ಕೈ ಚಾಚಿದೆ. ಎಷ್ಟೋ ಪೆಟ್ಟಿಗೆಗಳು ಹೊಸ ಡಿಸ್ಕ್ ಕಂಡ ಕೂಡಲೇ ತಾವಾಗಿಯೇ ಈ ಕೆಲಸ ಶುರು ಮಾಡುತ್ತವೆ. ಇದು ಹಾಗಿರಲಿಲ್ಲ, ನಮ್ಮ ಪುಣ್ಯ.

‘ನಿಲ್ಲಪ್ಪಾ. ಒಳಗಿರೋದನ್ನೆಲ್ಲ ಬೇರೆ ಕಡೆ ಇಟ್ಕಂಡಿದೀಯಾ?’ ಎಂದರು ಮಾವ.

‘ಇದು ರೈಡ್ ಮಾವ. ಒಂದು ಡಿಸ್ಕ್ ಹೋದ್ರೂ ಏನೂ ಆಗಲ್ಲ.’

‘ಒಂದು ಆಗ್ಲೇ ಹೋಯ್ತಲ್ಲೋ.’

ನನ್ನ ಬಳಿ ಉತ್ತರವಿರಲಿಲ್ಲ. ರೀಲಿನ ಕಾಲದಲ್ಲೂ ಒಂದು ಮದುವೆಯ ಎಲ್ಲ ರೋಲುಗಳನ್ನು ಒಂದೇ ಬ್ಯಾಗಿನಲ್ಲಿ ತರುತ್ತಿರಲಿಲ್ಲ ಎಂದು ಮಾವ ಹೇಳಿದರು. ಹೊಸ ಡಿಸ್ಕನ್ನು ಹೊರತೆಗೆದು ಡಾಕ್‌ಗೆ ಹಾಕಿದೆ. ಉಳಿದ ಮೂರು ಡಿಸ್ಕ್‌ಗಳ ಮೇಲೆ ಓಡುತ್ತಿದ್ದ ಪೆಟ್ಟಿಗೆಯಿಂದ ಕಡತಗಳನ್ನು ಅದಕ್ಕೆ ನಕಲು ಮಾಡತೊಡಗಿದೆವು. ಮೊದಲು ಅಜ್ಜಿಯ ಹಾಡು, ನಂತರ ಇತ್ತೀಚಿನ ಗಿರಾಕಿಗಳದು, ಕೊನೆಗೆ ಹಳೆಯದು. ಒಟ್ಟು 2.3 ಟಿಬಿ. ಯುಎಸ್‌ಬಿ 2.0ರ ದಾರಿಯಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಸುಮಾರು 21 ಗಂಟೆ. ವಿಜಯವಾಡದ ಸೆಕೆಗೆ ಪೆಟ್ಟಿಗೆಯ ಮುಂದೆ ಟೇಬಲ್ ಫ್ಯಾನ್ ಇಟ್ಟು, ಪಾಳಿಯ ಮೇಲೆ ಎದ್ದು ನೋಡಿದೆವು.

ಭಾನುವಾರ ಸಂಜೆ ಎಲ್ಲ ಬಂತು, 11 ಕಡತ ಬಿಟ್ಟು. ಮೂರನೇ ಡಿಸ್ಕಿನಲ್ಲೂ ಓದಲಾಗದ ಜಾಗಗಳಿದ್ದವು. ಅದಕ್ಕೆ ದೀಪ ಇನ್ನೂ ಹತ್ತಿರಲಿಲ್ಲ, ಅಷ್ಟೆ. ಕಳೆದುಹೋದ 11ರಲ್ಲಿ ಅಜ್ಜಿಯ ಒಂದು ಪದವೂ ಇತ್ತು.

ನಾನು ರೀಬಿಲ್ಡ್ ಒತ್ತಿದ್ದರೆ? ಆಗ ಪೆಟ್ಟಿಗೆ ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಓದಲಾಗದ ಜಾಗ ಸಿಕ್ಕಾಗ ಹಳೆಯ ನಿಯಂತ್ರಕಗಳು ಹಲವು ಸಲ ಆ ಡಿಸ್ಕನ್ನೇ ಕೆಟ್ಟದ್ದೆಂದು ಹೊರಗಿಡುತ್ತವೆ. ಅಲ್ಲಿಗೆ ಎರಡು ಅಳಿಸಿದಂತೆ, ಒಳಗಿದ್ದುದೆಲ್ಲ ಹೋದಂತೆ. ಕಡತವಾಗಿ ನಕಲು ಮಾಡಿದ್ದರಿಂದ ಹೋದದ್ದು ಹನ್ನೊಂದೇ.

ಇಂಥ ಪೆಟ್ಟಿಗೆ ನಿಮ್ಮಲ್ಲೂ ಇದ್ದರೆ, ಡಿಸ್ಕ್ ಬದಲಿಸುವ ಮೊದಲ ಹೆಜ್ಜೆ ಬದಲಿಸುವುದಲ್ಲ, ನಕಲು ತೆಗೆಯುವುದು. ಆಮೇಲೆ ಕೈಪಿಡಿ ನೋಡಿ, ನಿಮ್ಮ ಪೆಟ್ಟಿಗೆ ಎಷ್ಟು ದೊಡ್ಡ ಡಿಸ್ಕ್ ಒಪ್ಪುತ್ತದೆಂದು ತಿಳಿಯಿರಿ. ಕೆಲವಕ್ಕೆ ಫರ್ಮ್‌ವೇರ್ ನವೀಕರಿಸಿದರೆ ಮಿತಿ ಹೆಚ್ಚುತ್ತದೆ, ಕೆಲವಕ್ಕೆ ಇಲ್ಲ. ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬೇಡ, ಸಿಎಂಆರ್ ಕೇಳಿ. ಎಸ್‌ಎಂಆರ್‌ನಲ್ಲಿ ದತ್ತಾಂಶದ ಸಾಲುಗಳು ಮಾಡಿನ ಹಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದು ಹಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು, ಹಾಗಾಗಿ ರೀಬಿಲ್ಡ್ ತೀರಾ ನಿಧಾನ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಈ ಬಗೆಯವೆಂದು ಒಪ್ಪಿಕೊಂಡದ್ದು 2020ರಲ್ಲಿ. ಅದರ ರೆಡ್ ಪ್ಲಸ್ ಸಿಎಂಆರ್ ಬಗೆಯದು. ಒಂದೊಂದಾಗಿ ಬದಲಿಸುವುದಾದರೆ ಯಾವ ಡಿಸ್ಕ್ ಯಾವ ಗೂಡಿನದೆಂದು ಚೀಟಿ ಅಂಟಿಸಿ. ಯುಪಿಎಸ್ ಇರಲಿ. ಒಂದರ ರೀಬಿಲ್ಡ್ ಪೂರ್ತಿ ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ. ಕೊನೆಯ ಡಿಸ್ಕ್ ಬದಲಾಗುವವರೆಗೆ ಜಾಗ ಹೆಚ್ಚುವುದಿಲ್ಲ, ಕೆಲವು ಪೆಟ್ಟಿಗೆಗಳಲ್ಲಿ ಆಮೇಲೂ ತಾನಾಗಿ ಹೆಚ್ಚುವುದಿಲ್ಲ.

ನಾವು ಆ ಗೋಜಿಗೆ ಹೋಗಲಿಲ್ಲ. ಹೇಗೂ ನಕಲು ಇತ್ತು. 2 ಟಿಬಿಯ ನಾಲ್ಕು ಡಿಸ್ಕ್ ತರಿಸಿ, ಹೊಸದಾಗಿ ರೈಡ್ ಕಟ್ಟಿ, ಕಡತಗಳನ್ನು ಮರಳಿ ತುಂಬಿದೆವು. 3 ಟಿಬಿ ಇದ್ದ ಜಾಗ 6 ಟಿಬಿ ಆಯಿತು. ಹಾಗಂತ ಪೆಟ್ಟಿಗೆಯ ವಯಸ್ಸೇನೂ ಇಳಿಯಲಿಲ್ಲ. ಅದರ ನಿಯಂತ್ರಕ ಕೆಟ್ಟರೆ ಡಿಸ್ಕ್‌ಗಳು ಚೆನ್ನಾಗಿದ್ದರೂ ಓದುವುದು ಕಷ್ಟ. ನಾನು ಒಯ್ದಿದ್ದ 4 ಟಿಬಿಯ ಎರಡು ಡಿಸ್ಕ್‌ಗಳು ನಕಲುಗಳಾಗಿ ಉಳಿದವು.

ಒಂದು ನನ್ನ ಬಳಿ ವಿಶಾಖಪಟ್ಟಣದಲ್ಲಿದೆ. ಆದರೆ ಇದು 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ ಊರು. ವಿಜಯವಾಡಕ್ಕೆ ಬುಡಮೇರು, ನಮಗೆ ಸಮುದ್ರ. ಹಾಗಾಗಿ ಇನ್ನೊಂದನ್ನು ಮಳೆಗೇ ಬರವಿರುವ ಪಾವಗಡಕ್ಕೆ ಕಳಿಸಿದೆ. ಅಮ್ಮ ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ದೀಪಾವಳಿಗೆ ಹೋದಾಗ ತೆಗೆದು, ಓಡಿಸಿ ನೋಡಬೇಕು.

ಹೋದ ಪದ ಯಾವುದೆಂದು ಅಮ್ಮ ಫೋನಿನಲ್ಲಿ ಕೇಳಿದಳು. ಹೇಳಿದೆ. ‘ಆ ಪದ ನಂಗೂ ಬರ್ತೈತೆ ಬಿಡು. ನಮ್ಮಮ್ಮನ ದನಿ ಎಲ್ಲಿಂದ ತರ್ಲಿ?’ ಎಂದಳು.

ಈ ದೀಪಾವಳಿಗೆ ಅಮ್ಮನ ಕೈಲಿ ಅದನ್ನು ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಬೇಕು. ಮೂರು ಊರಲ್ಲೂ ಇಡಬೇಕು.